ಅಂಗಳದಲ್ಲಿ ತಾವೋ, ಕಪಾಟಿನಲ್ಲಿ ಫ್ಲಾಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ, ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ, ಮಧೂರು ದೇವಸ್ಥಾನದ ಹೊರಗೆ ಚಪ್ಪಲಿ ಹುಡುಕುವಾಗ, ಎಲ್ಲಿ ಸಿಕ್ಕಿದರೂ ಜನ ನನ್ನ ಹತ್ತಿರ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಮಂಗಳೂರಿನ ಬ್ಯಾಂಕಿನಲ್ಲಿ ಕಂಪ್ಯೂಟರಿನ ಮುಂದೆ ದುಡಿದು ನಿವೃತ್ತಳಾದ ನಾನು ತಾವೋ ಎಂಬ ಚೀನಾದ ಹಳೆಯ ದಾರಿ ಹಿಡಿದದ್ದೇ ಅದಕ್ಕೆ ಕಾರಣ. ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೆ ಪಾಯಸ ಬರುತ್ತದೆ, ಇಲ್ಲವೇ ಬಸ್ಸು ಬರುತ್ತದೆ. ಹಾಗಾಗಿ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಎರಡೇ ಸಾಲು.

ಅಕ್ಕಾ, ನಿಮಗೆ ಈಗ ವಯಸ್ಸೆಷ್ಟು?

1956ರ ಜನವರಿಯಲ್ಲಿ ಹುಟ್ಟಿದವಳು, ನೀವೇ ಲೆಕ್ಕ ಹಾಕಿಕೊಳ್ಳಿ. ಆಗ ನಮ್ಮ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾನು ಅಂಬೆಗಾಲಿಡುವ ಹೊತ್ತಿಗೆ, ಅದೇ ವರ್ಷ ನವೆಂಬರ್ 1ಕ್ಕೆ, ಕೇರಳಕ್ಕೆ ಸೇರಿತು. ಆಮೇಲೆ ಕಣ್ಣೂರು ಜಿಲ್ಲೆಯಲ್ಲಿದ್ದೆವು; 1984ರ ಮೇ 24ರಿಂದ ಕಾಸರಗೋಡೇ ಜಿಲ್ಲೆಯಾಯಿತು. ಮನೆ ಮಾತ್ರ ಇದ್ದಲ್ಲೇ ಉಂಟು. ಹುಟ್ಟಿದ ಊರು, ಜಿಲ್ಲೆ, ರಾಜ್ಯ ಎಂದು ಮೂರು ಕಾಲಮ್ ಇರುವ ಫಾರಂ ಕಂಡರೆ ನನ್ನ ಪೆನ್ನು ಈಗಲೂ ಒಂದು ಕ್ಷಣ ನಿಲ್ಲುತ್ತದೆ.

ಯಜಮಾನರು ಹೋದ ಮೇಲೆ ಬೇಸರಕ್ಕೆ ಈ ತಾವೋ ಶುರುಮಾಡಿದ್ದಾ?

ಯಜಮಾನರು ಎಲ್ಲಿಗೂ ಹೋಗಿಲ್ಲ ಮಾರಾಯ್ರೆ, ಜಗಲಿಯಲ್ಲಿ ಪೇಪರ್ ಓದುತ್ತಾ ಇದ್ದಾರೆ. ಬೆಳಿಗ್ಗೆ ನಾನು ಅಂಗಳದಲ್ಲಿ ಕೈ ಬೀಸುವುದನ್ನು ನೋಡಿ ಸೊಳ್ಳೆ ಓಡಿಸುತ್ತಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೆಂಗಸರು ಹೊಸದೇನಾದರೂ ಹಿಡಿದರೆ ಹಿಂದೆ ಒಂದು ದುಃಖ ಇರಲೇಬೇಕು ಎಂಬ ಲೆಕ್ಕಾಚಾರ ನನಗೆ ಹಿಡಿಸುವುದಿಲ್ಲ.

ಬ್ಯಾಂಕಿಗೆ ಕಂಪ್ಯೂಟರ್ ಬಂದ ಕಾಲ ಹೇಗಿತ್ತು?

ಮೊದಲಿಗೆ ಅದನ್ನು ಕಂಪ್ಯೂಟರ್ ಎಂದು ಕರೆಯುವ ಹಾಗೇ ಇರಲಿಲ್ಲ. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಎಂಬ ಭಯ ನೌಕರರಲ್ಲಿ ಗಟ್ಟಿಯಾಗಿತ್ತು. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಒಂದು ಒಪ್ಪಂದ ಆಯಿತು. 1984ರಲ್ಲಿ, ಆಗ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ ವರದಿ ಕೊಟ್ಟಿತು. ಆಮೇಲೆ ಶಾಖೆಗಳಿಗೆ ಬಂದ ಯಂತ್ರದ ಹೆಸರು ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್. ನಾವು ಎಎಲ್‌ಪಿಎಂ ಅನ್ನುತ್ತಿದ್ದೆವು. ಮೆಷಿನ್ ಎಂದರೆ ಯಾರಿಗೂ ತಕರಾರಿಲ್ಲ, ಹೊಲಿಗೆಯದ್ದೂ ಮೆಷಿನ್ನೇ ತಾನೆ.

ನಾನು ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಗಣಿತ ಓದಿ ಮಂಗಳೂರಿನಲ್ಲಿ ಗುಮಾಸ್ತೆಯಾಗಿ ಸೇರಿದವಳು. ಗಣಿತದವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಆ ಕೋಣೆಗೆ ಹಾಕಿದರು. ಇಡೀ ಶಾಖೆಯಲ್ಲಿ ಎಸಿ ಇದ್ದ ಕೋಣೆ ಅದೊಂದೇ, ಮ್ಯಾನೇಜರಿಗೂ ಫ್ಯಾನೇ ಗತಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಪ್ಪು ಪರದೆ, ಹಸಿರು ಅಕ್ಷರ. 132 ಕಾಲಮ್ಮಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಶುರುವಾದರೆ ಪಕ್ಕದ ಕ್ಯಾಷ್ ಕೌಂಟರಿನವರು ನೋಟು ಎಣಿಸುವುದು ತಪ್ಪಿ ನಮ್ಮನ್ನು ಬೈಯುತ್ತಿದ್ದರು. ಎರಡೂ ಅಂಚಿನಲ್ಲಿ ತೂತು ಇರುವ ಉದ್ದ ಕಾಗದ ಒಂದು ಹಲ್ಲು ಜಾರಿದರೆ ಸಾಕು, ಇಡೀ ಪುಟ ಓರೆ, ಮೊತ್ತ ಎಲ್ಲ ಪಕ್ಕದ ಕಾಲಮ್ಮಿಗೆ.

ಈಗಿನವರಿಗೆ ಅಂದಾಜಾಗಲಿ ಎಂದು ಬಡ್ಡಿಯ ವಿಷಯ ಹೇಳುತ್ತೇನೆ. 2010ರ ಏಪ್ರಿಲ್ 1ರಿಂದ ಎಸ್‌ಬಿ ಖಾತೆಗೆ ದಿನದಿನದ ಬಾಕಿಯ ಮೇಲೆ ಬಡ್ಡಿ. ಅದಕ್ಕೂ ಮೊದಲು ಹಾಗಿರಲಿಲ್ಲ. ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಬಡ್ಡಿ. ವಿಷಯ ಗೊತ್ತಿದ್ದವರು 10ರ ಒಳಗೆ ಬಂದು ಕಟ್ಟುತ್ತಿದ್ದರು, ಗೊತ್ತಿಲ್ಲದ ಪಾಪದವರು 12ಕ್ಕೆ ಬಂದು ಆ ತಿಂಗಳ ಬಡ್ಡಿ ಕಳೆದುಕೊಳ್ಳುತ್ತಿದ್ದರು. ಅರ್ಧವಾರ್ಷಿಕ ಬಂತೆಂದರೆ ಪ್ರತಿಯೊಂದು ಖಾತೆಯ ಒಂದೊಂದು ತಿಂಗಳ ಕನಿಷ್ಠ ಬಾಕಿಯನ್ನು ಕಣ್ಣಿನಿಂದ ಹುಡುಕಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಕೂಡಿ, ಗುಣಿಸಿ ಲೆಡ್ಜರಿಗೆ ಏರಿಸಬೇಕು. ರಾತ್ರಿ ಹತ್ತಾದರೂ ಮನೆಗಿಲ್ಲ. ಕೊನೆಗೆ ಮೊತ್ತ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು. ಭಾಗವಾದರೆ ಎಲ್ಲೋ 54 ಎಂದು ಬರೆಯುವಲ್ಲಿ 45 ಎಂದು ಬರೆದಿರುವ ಸಾಧ್ಯತೆ ಹೆಚ್ಚು, ಅದನ್ನೇ ಮೊದಲು ಹುಡುಕುವುದು. ಮೆಷಿನ್ ಬಂದ ಮೇಲೆ ಅದೇ ಕೆಲಸ ಒಂದು ಸಂಜೆಗೆ ಮುಗಿಯುವುದನ್ನು ನಿಂತು ನೋಡಿದವಳು ನಾನು. ಹಳೆಯ ಕಾಲ ಚಂದ ಇತ್ತು ಎಂದು ಯಾರಾದರೂ ಹೇಳಿದರೆ ಅವರು ಡಿಸೆಂಬರ್ 31ರ ರಾತ್ರಿ ಲೆಡ್ಜರಿನ ಮುಂದೆ ಕೂತವರಲ್ಲ ಎಂದು ತಿಳಿಯುತ್ತೇನೆ.

ಬ್ಯಾಕಪ್ ತೆಗೆಯುವ ಕ್ರಮಕ್ಕೆ ಇಂಗ್ಲಿಷಿನಲ್ಲೇ ಅಜ್ಜ-ಅಪ್ಪ-ಮಗ ಎಂಬ ಹೆಸರು. ಇವತ್ತಿನದು ಮಗ, ಹಿಂದಿನದು ಅಪ್ಪ, ಅದರ ಹಿಂದಿನದು ಅಜ್ಜ. ಮಗ ಕೆಟ್ಟರೆ ಅಪ್ಪನಿಂದ, ಅಪ್ಪನೂ ಕೆಟ್ಟರೆ ಅಜ್ಜನಿಂದ ಲೆಕ್ಕ ಎಬ್ಬಿಸುವುದು. ಐದೂಕಾಲು ಇಂಚಿನ ಫ್ಲಾಪಿ, ಒಂದರಲ್ಲಿ 360 ಕಿಲೋಬೈಟ್. ಆಟಿ ತಿಂಗಳ ಮಳೆಗೆ ಅದಕ್ಕೂ ಬೂಸು ಹಿಡಿಯುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಅಜ್ಜನನ್ನು ನಂಬಿ ಕೂರುವ ಹಾಗಿರಲಿಲ್ಲ, ಆಗಾಗ ತೆಗೆದು ಓದಿಸಿ ನೋಡಬೇಕಿತ್ತು. ನನ್ನ ಕಪಾಟಿನಲ್ಲಿ ಇನ್ನೂ ಕೆಲವು ಫ್ಲಾಪಿ ಉಂಟು. ಅದನ್ನು ಓದುವ ಡ್ರೈವ್ ನಮ್ಮ ಪಂಚಾಯತಿನಲ್ಲೇ ಯಾರ ಮನೆಯಲ್ಲೂ ಇದ್ದಂತಿಲ್ಲ.

ಆಗ ಕಂಪ್ಯೂಟರಿನಲ್ಲಿ ಕನ್ನಡ ಇತ್ತಾ?

ನಮ್ಮ ಯಂತ್ರದಲ್ಲಿ ಇರಲಿಲ್ಲ. ಕುಂಬಳೆಯಿಂದ ಬಂದ ಅಜ್ಜಿಯ ಹೆಸರನ್ನೂ ಇಂಗ್ಲಿಷಿನಲ್ಲೇ ಹೊಡೆಯಬೇಕು, ಅವರು ಹಾಕುವುದು ಮಾತ್ರ ಕನ್ನಡ ಸಹಿ. ಆದರೆ ಅದೇ ಕಾಲಕ್ಕೆ ನಮ್ಮ ಕಡೆಯವರೇ ಆದ ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್, ಕನ್ನಡ ಅಕ್ಷರಗಳನ್ನು ಸಾಮಾನ್ಯ ಕೀಲಿಮಣೆಯಲ್ಲೇ ಕೂರಿಸುವ ದಾರಿ ಮಾಡಿದ್ದರು. ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರದ್ದು. ಮುಂದೆ ‘ನುಡಿ’ ತಂತ್ರಾಂಶದಲ್ಲಿ ಬಂದ ಕೀಲಿಮಣೆಯೂ ಅವರ ವಿನ್ಯಾಸದ್ದೇ. 1998ರಲ್ಲಿ ‘ಬರಹ’ ಎಂಬ ತಂತ್ರಾಂಶ ಬಂತು. ಈಗ ಯೂನಿಕೋಡಿನಲ್ಲಿ ಒಂದು ಕನ್ನಡ ಚಿಹ್ನೆಗೆ ಸಾಧಾರಣವಾಗಿ ಮೂರು ಬೈಟ್ ಬೇಕು. ‘ಕಾಸರಗೋಡು’ ಎಂದು ಬರೆದರೆ ದೀರ್ಘ, ಕೊಂಬು ಎಲ್ಲ ಸೇರಿ ಎಂಟು ಚಿಹ್ನೆ, 24 ಬೈಟ್. ಇಷ್ಟು ಲೆಕ್ಕ ಹಾಕುವ ಅಗತ್ಯ ಇವತ್ತು ಯಾರಿಗೂ ಇಲ್ಲ. ನನಗೆ ಅಭ್ಯಾಸ ಬಿಟ್ಟಿಲ್ಲ, ಅಷ್ಟೆ.

ವೈಟುಕೆ ನೆನಪು ಉಂಟಾ?

1999ರ ಡಿಸೆಂಬರ್ 31ರ ರಾತ್ರಿ ಡ್ಯೂಟಿ ಇತ್ತು. ವರ್ಷಕ್ಕೆ ಎರಡೇ ಅಂಕೆ ಇಟ್ಟದ್ದರಿಂದ 2000 ಬಂದಾಗ ಯಂತ್ರ ಅದನ್ನು 1900 ಎಂದು ಓದೀತು ಎಂಬ ಭಯ. ತಿಂಗಳುಗಟ್ಟಲೆ ಮೊದಲೇ ಸರಿಪಡಿಸಿದ್ದರಿಂದ ಆ ರಾತ್ರಿ ಏನೂ ಆಗಲಿಲ್ಲ. ಏನೂ ಆಗದ್ದನ್ನು ನೋಡಿ, ಅಷ್ಟು ಖರ್ಚು ಸುಮ್ಮನೆ ಎಂದು ಜನ ಆಡಿಕೊಂಡರು. ಕೆಲಸ ಚೆನ್ನಾಗಿ ಆದರೆ ಕೆಲಸ ಆದದ್ದೇ ಕಾಣುವುದಿಲ್ಲ. ಒಳ್ಳೆಯ ಆಳ್ವಿಕೆಯ ಬಗ್ಗೆ ತಾವೋದ ಹಳೆಯ ಗುರು ಲಾವೋತ್ಸು ಹೇಳುವುದೂ ಇದಕ್ಕೆ ಹತ್ತಿರವೇ: ಕೆಲಸ ಮುಗಿದಾಗ ಜನ, ಇದು ತನ್ನಷ್ಟಕ್ಕೆ ಆಯಿತು ಅಂದುಕೊಳ್ಳುತ್ತಾರೆ. ಆದರೆ ಆ ರಾತ್ರಿ ನನಗೆ ಲಾವೋತ್ಸು ಯಾರೆಂದೇ ಗೊತ್ತಿರಲಿಲ್ಲ.

ಮತ್ತೆ ಈ ತಾವೋ ಎಲ್ಲಿಂದ ಅಂಟಿಕೊಂಡಿತು?

ಬಾಣಂತನದಿಂದ. 2016ರಲ್ಲಿ ನಿವೃತ್ತಿ ಆಯಿತು, ಸ್ವಲ್ಪ ಸಮಯಕ್ಕೆ ಸಿಂಗಾಪುರದಲ್ಲಿರುವ ಮಗಳ ಹೆರಿಗೆ. ನಮ್ಮ ಕಡೆಯ ಎಷ್ಟೋ ಅಮ್ಮಂದಿರು ವಿದೇಶ ನೋಡಿದ್ದು ಹೀಗೆಯೇ, ಸೂಟ್‌ಕೇಸಿನ ತುಂಬ ಬಾಣಂತಿ ಲೇಹ್ಯ, ಬಟ್ಟೆ ಅರ್ಧ. ಅಲ್ಲಿ ಸರಕಾರಿ ವಸತಿ ಕಟ್ಟಡಗಳ ನೆಲ ಅಂತಸ್ತನ್ನು ಗೋಡೆ ಇಲ್ಲದೆ ಬಿಟ್ಟಿರುತ್ತಾರೆ. ಮದುವೆಯೂ ಅಲ್ಲೇ, ಸಾವಿನ ಕಾರ್ಯವೂ ಅಲ್ಲೇ, ಬೆಳಿಗ್ಗೆ ಮುದುಕರು ಮಾಡುವ ತಾಯ್ ಚಿ ಎಂಬ ನಿಧಾನದ ವ್ಯಾಯಾಮವೂ ಅಲ್ಲೇ. ಮಗು ರಾತ್ರಿಯೆಲ್ಲ ಎಬ್ಬಿಸುತ್ತಿತ್ತು. ಬೆಳಗಿನ ಜಾವ ಅಳಿಯನ ಕೈಗೆ ಕೊಟ್ಟು ಕೆಳಗೆ ಬಂದು ನಿಲ್ಲುತ್ತಿದ್ದೆ. ಒಬ್ಬರು ಅಜ್ಜಿ, ಅಲ್ಲಿ ಹಿರಿಯ ಹೆಂಗಸರನ್ನೆಲ್ಲ ಆಂಟಿ ಅನ್ನುವುದು, ನನ್ನ ಮೊಣಕೈ ಹಿಡಿದು ಸಾಲಿನಲ್ಲಿ ನಿಲ್ಲಿಸಿದರು. ನನಗೆ ಚೀನೀ ಭಾಷೆ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಭುಜ ಏರಿಸಿದರೆ ಭುಜದ ಮೇಲೆ ಎರಡು ಬೆರಳು ಇಡುವುದು, ಉಸಿರು ಕಟ್ಟಿದರೆ ತಾವೇ ಜೋರಾಗಿ ಉಸಿರು ಬಿಟ್ಟು ತೋರಿಸುವುದು, ಪಾಠ ಅಷ್ಟೇ.

ಅವರು ಮಾಡುತ್ತಿದ್ದ 24 ಹಂತದ ತಾಯ್ ಚಿಯನ್ನು ಚೀನಾದ ಸರಕಾರಿ ಕ್ರೀಡಾ ಸಮಿತಿ ರೂಪಿಸಿದ್ದು 1956ರಲ್ಲಿ, ಎಂದರೆ ಅದಕ್ಕೂ ನನಗೂ ಒಂದೇ ಪ್ರಾಯ. ಅದನ್ನು ತಾವೋ ಪಂಥದ ಸಾಧನೆ ಎಂದರೆ ಪೂರ್ತಿ ಸರಿಯಲ್ಲ. ತಾಯ್ ಚಿಯ ಬೇರು ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯ ಕಾಳಗ ವಿದ್ಯೆ. ತಾವೋ ಸಂತ ಚಾಂಗ್ ಸಾನ್‌ಫೆಂಗ್ ಅದನ್ನು ಸೃಷ್ಟಿಸಿದ ಎಂಬುದು ಐತಿಹ್ಯ.

ನಿಜವಾದ ತಾವೋ ಸಿಕ್ಕಿದ್ದು ಆಮೇಲೆ. ಅದೇ ಆಂಟಿ ಒಂದು ದಿನ ತೆಲೋಕ್ ಆಯರ್ ಬೀದಿಯ ತಿಯಾನ್ ಹೊಕ್ ಕೆಂಗ್ ದೇವಾಲಯಕ್ಕೆ ಕರೆದುಕೊಂಡು ಹೋದರು. ಚೀನಾದ ಫುಜಿಯಾನ್‌ನಿಂದ ಹಡಗಿನಲ್ಲಿ ಬಂದವರು, ಕ್ಷೇಮವಾಗಿ ದಡ ಸೇರಿದ್ದಕ್ಕೆ ಕಡಲ ದೇವಿ ಮಾಜುವಿಗೆ ಕಟ್ಟಿದ್ದು. ಈಗಿನ ಕಟ್ಟಡ ಮುಗಿದದ್ದು 1842ರಲ್ಲಿ. ಆಗ ಸಮುದ್ರ ಅದರ ಎದುರಿಗೇ ಇತ್ತಂತೆ, ಈಗ ಎದುರಿಗೆ ಬರೀ ಆಫೀಸು ಕಟ್ಟಡಗಳು. ಮನೆಗೆ ಬಂದು ಲೈಬ್ರರಿಯಿಂದ ಲಾವೋತ್ಸುವಿನ ಹೆಸರಿನಲ್ಲಿರುವ ತಾವೋ ತೆ ಚಿಂಗ್ ಎಂಬ ಗ್ರಂಥ ತಂದು ಓದಿದೆ. 81 ಸಣ್ಣ ಅಧ್ಯಾಯ, ಮಗು ಮಲಗಿದ ಹೊತ್ತಿಗೆ ಒಂದೊಂದು ಮುಗಿಯುವಷ್ಟು.

ಒಂದೇ ಮಾತಿನಲ್ಲಿ ಹೇಳಿ, ತಾವೋ ಅಂದರೆ ಎಂತದ್ದು?

ಒಂದೇ ಮಾತಿನಲ್ಲಿ ಆಗುವುದಿಲ್ಲ ಎಂದು ಆ ಗ್ರಂಥದ ಮೊದಲ ಸಾಲೇ ಹೇಳುತ್ತದೆ, ನಾನು ಯಾಕೆ ಪ್ರಯತ್ನಿಸಲಿ. ಆದರೆ ಎರಡು ಸಂಗತಿ ಬೇರೆಬೇರೆ ಇಟ್ಟುಕೊಳ್ಳಿ. ಒಂದು, ಲಾವೋತ್ಸು, ಚುವಾಂಗ್‌ತ್ಸು ಮುಂತಾದವರ ಹೆಸರಿನಲ್ಲಿರುವ ಗ್ರಂಥಗಳು, ಕ್ರಿಸ್ತಪೂರ್ವದವು. ಇನ್ನೊಂದು, ಗುಡಿ, ಅರ್ಚಕರು, ದೀಕ್ಷೆ, ಮಂತ್ರ ಇರುವ ಧರ್ಮ. ಕ್ರಿ.ಶ. 142ರಲ್ಲಿ ಚಾಂಗ್ ತಾವೋಲಿಂಗ್‌ಗೆ ದರ್ಶನ ಆಯಿತು ಎಂಬಲ್ಲಿಂದ ಆ ಪರಂಪರೆ ಶುರು. ನನಗೆ ಯಾವ ದೀಕ್ಷೆಯೂ ಆಗಿಲ್ಲ. ಓದುತ್ತೇನೆ, ನಿಲ್ಲುತ್ತೇನೆ, ಕೂರುತ್ತೇನೆ.

48ನೇ ಅಧ್ಯಾಯದ ಮಾತೊಂದು ನನ್ನನ್ನು ಹಿಡಿದು ಕೂರಿಸಿತು. ವಿದ್ಯೆಯ ದಾರಿಯಲ್ಲಿ ದಿನದಿನವೂ ಸೇರಿಸುವುದು, ತಾವೋದ ದಾರಿಯಲ್ಲಿ ದಿನದಿನವೂ ಕಳೆಯುವುದು. ಜೀವಮಾನವಿಡೀ ಕ್ರೆಡಿಟ್ ಕಾಲಮ್ಮು ದೊಡ್ಡದಾದರೆ ಸಂತೋಷಪಟ್ಟವಳಿಗೆ ಈ ಲೆಕ್ಕ ಹೊಸದು.

ಏನೂ ಮಾಡದೆ ಇರಬೇಕು ಅನ್ನುತ್ತದಂತೆ. ಹಾಗಾದರೆ ಅಡಿಕೆ ಹೆಕ್ಕುವುದು ಯಾರು?

ಈ ಪ್ರಶ್ನೆ ನಮ್ಮ ಮನೆಯಲ್ಲೇ ಬಂದಿತ್ತು, ಕೇಳಿದವರು ಯಾರೆಂದು ಹೇಳಬೇಕಾಗಿಲ್ಲ.

ನೀವು ಕೇಳಿದ ಆ ಮಾತಿಗೆ ಚೀನೀಯಲ್ಲಿ ವೂ ವೇ ಎಂದು ಹೆಸರು. ಹಾಗೆಂದರೆ ಕೈಕಟ್ಟಿ ಕೂರುವುದಲ್ಲ, ಒತ್ತಾಯ ಮಾಡದೆ ಮಾಡುವುದು. ಬ್ಯಾಂಕಿನದ್ದೇ ಒಂದು ಸಂಗತಿ ಹೇಳುತ್ತೇನೆ. ಹಳೆಯ ಪಿಸಿಯಲ್ಲಿ ಪ್ರೋಗ್ರಾಂ ಯಾವುದೋ ದೊಡ್ಡ ಲೆಕ್ಕದಲ್ಲಿ ಮುಳುಗಿದ್ದಾಗ ಪರದೆ ಅಲ್ಲಾಡುವುದಿಲ್ಲ. ಒಬ್ಬರು ಸಹೋದ್ಯೋಗಿಗೆ ತಾಳ್ಮೆ ಇರಲಿಲ್ಲ, ಎಂಟರ್ ಕೀಲಿಯನ್ನು ಟಪಟಪ ಹೊಡೆಯುತ್ತಲೇ ಇರುತ್ತಿದ್ದರು. ಹೊಡೆದದ್ದು ಎಲ್ಲಿಗೂ ಹೋಗುವುದಿಲ್ಲ. ಕೀಬೋರ್ಡ್ ಬಫರ್ ಎಂದು ಸಣ್ಣ ಜಾಗ ಉಂಟು, ಅದರಲ್ಲಿ 15 ಒತ್ತುಗಳವರೆಗೆ ಸರದಿಯಲ್ಲಿ ಕಾಯುತ್ತವೆ, ತುಂಬಿದ ಮೇಲೆ ಬೀಪ್ ಅನ್ನುತ್ತದೆ. ಆಮೇಲೆ ಯಂತ್ರಕ್ಕೆ ಪುರುಸೊತ್ತಾಗಿ ‘ಈ ಫೈಲ್ ಅಳಿಸಲೇ?’ ಎಂದು ಕೇಳಿದರೆ, ಸಾಲಿನಲ್ಲಿ ನಿಂತ ಎಂಟರ್ ಹೂಂ ಅನ್ನುತ್ತದೆ. ಪ್ರಶ್ನೆ ಬರುವ ಮೊದಲೇ ಕೊಟ್ಟ ಉತ್ತರ. ಪರದೆ ನೋಡಿ, ಪ್ರಶ್ನೆ ಬರಲಿ ಎಂದು ಕಾದು, ಒಂದೇ ಸಲ ಒತ್ತಿದವರ ಕೆಲಸವೂ ಅಷ್ಟೇ ಹೊತ್ತಿಗೆ ಮುಗಿಯುತ್ತಿತ್ತು, ಏನೂ ಅಳಿಯುತ್ತಿರಲಿಲ್ಲ. ಅಡಿಕೆಯನ್ನು ನಾನೂ ಹೆಕ್ಕುತ್ತೇನೆ. ಬಿದ್ದ ಮೇಲೆ.

ಹಾಗಾದರೆ ನೀವು ಮೊಬೈಲ್, ಕಂಪ್ಯೂಟರ್ ಎಲ್ಲ ಬಿಟ್ಟಿರಾ?

ಎಲ್ಲರೂ ಕಾಯುವುದು ಈ ಕತೆಗೇ: ಯಂತ್ರದ ಜೊತೆ ದುಡಿದು ಬೇಸತ್ತ ಹೆಂಗಸು ಕೊನೆಗೆ ಪ್ರಕೃತಿಯ ಮಡಿಲಿಗೆ ಬಂದಳು. ಹಾಗೇನೂ ಆಗಿಲ್ಲ. ತೋಟದ ಪಂಪನ್ನು ಮೊಬೈಲಿನಿಂದಲೇ ಚಾಲೂ ಮಾಡುವ ಸ್ಟಾರ್ಟರ್ ಹಾಕಿಸಿದ್ದು ನಾನೇ.

ಚುವಾಂಗ್‌ತ್ಸುವಿನ 12ನೇ ಅಧ್ಯಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಕಾಸರಗೋಡಿನವರು ಓದಿದರೆ ಪಕ್ಕದ ಮನೆಯದ್ದೇ ಅನ್ನಿಸೀತು. ಕನ್‌ಫ್ಯೂಷಿಯಸನ ಶಿಷ್ಯ ತ್ಸುಕುಂಗ್ ದಾರಿಯಲ್ಲಿ ಹೋಗುವಾಗ ಒಬ್ಬ ಮುದುಕ ತರಕಾರಿ ಸಾಲಿಗೆ ನೀರು ಹಾಕುತ್ತಿರುತ್ತಾನೆ. ಬಾವಿಗೆ ಇಳಿಯಲು ಸುರಂಗ ಕೊರೆದಿದ್ದಾನೆ. ಅದರೊಳಗೆ ಹೋಗಿ, ಕೊಡವನ್ನು ಅಪ್ಪಿಕೊಂಡು ಹೊರಗೆ ಬಂದು ಗಿಡಕ್ಕೆ ಹೊಯ್ಯುವುದು. ಶ್ರಮ ಬೆಟ್ಟದಷ್ಟು, ನೀರು ಬೊಗಸೆಯಷ್ಟು. ಶಿಷ್ಯ ಹೇಳುತ್ತಾನೆ: ಮರದ ಯಂತ್ರವೊಂದುಂಟು, ಹಿಂದೆ ಭಾರ, ಮುಂದೆ ಹಗುರ, ದಿನಕ್ಕೆ ನೂರು ಸಾಲಿಗೆ ನೀರು ಹಾಯಿಸುತ್ತದೆ. ನಮ್ಮ ಅಜ್ಜನ ಕಾಲದ ಏತ! ಮುದುಕನಿಗೆ ಮೊದಲು ಸಿಟ್ಟು, ಆಮೇಲೆ ನಗು. ಯಂತ್ರ ಇದ್ದಲ್ಲಿ ಯಂತ್ರದ ತಾಪತ್ರಯ, ತಾಪತ್ರಯ ಇದ್ದಲ್ಲಿ ಯಂತ್ರದಂಥ ಮನಸ್ಸು, ಆ ಮನಸ್ಸು ಹೊಕ್ಕರೆ ಒಳಗಿನ ನಿರ್ಮಲತೆ ಹಾಳು, ಗೊತ್ತಿಲ್ಲದೆ ಅಲ್ಲ, ನಾಚಿಕೆಯಾಗಿ ಬಳಸುವುದಿಲ್ಲ ಎನ್ನುತ್ತಾನೆ.

ಜನ ಕಳಿಸುವ ಫಾರ್ವರ್ಡ್ ಇಲ್ಲಿಗೆ ಮುಗಿಯುತ್ತದೆ, ಕೆಳಗೆ ಒಂದು ತಾವರೆಯ ಚಿತ್ರ. ಕತೆ ಮುಗಿಯುವುದಿಲ್ಲ. ತ್ಸುಕುಂಗ್ ಬೆವರಿ ವಾಪಸು ಹೋಗಿ ಗುರುವಿಗೆ ಹೇಳುತ್ತಾನೆ. ಗುರು ಅಷ್ಟೇನೂ ಮೆಚ್ಚುವುದಿಲ್ಲ: ಅವನಿಗೆ ಒಂದು ಗೊತ್ತು, ಎರಡನೆಯದು ಗೊತ್ತಿಲ್ಲ, ಒಳಗನ್ನು ನೋಡಿಕೊಂಡ, ಹೊರಗನ್ನು ಬಿಟ್ಟ. ಕೊನೆಯ ಈ ಮಾತಿಗೆ ವ್ಯಾಖ್ಯಾನಕಾರರಲ್ಲಿ ಒಂದೇ ಅಭಿಪ್ರಾಯ ಇಲ್ಲ. ನನಗೆ ಹೊಳೆಯುವ ಅರ್ಥ ಇದು: ಸರಳತೆ ನಿಜವಾದದ್ದಾದರೆ ಅದು ಏತದ ಹತ್ತಿರ ನಿಂತರೂ ಕೆಡುವುದಿಲ್ಲ.

ಮತ್ತೆ, ಯಂತ್ರದಂಥ ಮನಸ್ಸಿಗೆ ಯಂತ್ರವೇ ಬೇಕೆಂದಿಲ್ಲ. ಐದು ಪೈಸೆ ತಾಳೆಯಾಗದೆ ನಿದ್ದೆ ಬಿಟ್ಟ ಗುಮಾಸ್ತರನ್ನು ನಾನು ಕಂಡದ್ದು ಮೆಷಿನ್ ಬರುವ ಮೊದಲು. ಆಗ ಅವರ ಕೈಯಲ್ಲಿದ್ದದ್ದು ಪೆನ್ಸಿಲ್.

ನಮ್ಮಲ್ಲಿ ಕುಡಿಯುವ ನೀರು ಈಗಲೂ ಸುರಂಗದ್ದು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಕಾಲುವೆ, ಒಬ್ಬ ಬಗ್ಗಿ ಹೋಗುವಷ್ಟು ಎತ್ತರ. ಕೊರೆಯುವಾಗ ಒಳಗೆ ಮೇಣದಬತ್ತಿ ಉರಿಸಿಡುತ್ತಿದ್ದರು. ಬತ್ತಿ ನಂದಿದರೆ ಗಾಳಿ ಸಾಲದು, ಹೊರಗೆ ಬರಬೇಕು. ನೆಲಕ್ಕೆ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟರೆ ಮುಗಿಯಿತು, ನೀರು ತನ್ನಷ್ಟಕ್ಕೆ ಬಂದು ಅಡಿಕೆ ಮರದ ದಂಬೆಯಲ್ಲಿ ಟಾಂಕಿಗೆ ಬೀಳುತ್ತದೆ, ಕರೆಂಟು ಬೇಡ. ತೋಟಕ್ಕೆ ಅದು ಸಾಲುವುದಿಲ್ಲ, ಅಲ್ಲಿ ಪಂಪೇ. ಎರಡೂ ಇದ್ದದ್ದರಿಂದ ನನ್ನ ನಿರ್ಮಲತೆಗೆ ಏನೂ ಆದ ಹಾಗೆ ಕಾಣುವುದಿಲ್ಲ.

ನಮ್ಮಲ್ಲಿ ಯೋಗ, ಧ್ಯಾನ ಇಲ್ಲವಾ? ಚೀನಾದ್ದು ಯಾಕೆ?

ಉಂಟಲ್ಲ, ಮಾಡುವವರು ಮಾಡಲಿ. ಒಳ್ಳೆಯದಕ್ಕೆ ಗಡಿ ಹಾಕುವ ಅಭ್ಯಾಸ ಗಡಿಯಲ್ಲಿ ಇರುವ ನಮಗೆ ಇಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ. ಕೊಡುಕೊಳೆ ಹಳೆಯದೇ. 647ರಲ್ಲಿ ಚೀನಾದ ಚಕ್ರವರ್ತಿ ತಾಯ್‌ತ್ಸುಂಗ್, ನಮ್ಮ ಶಾಲೆ ಪುಸ್ತಕದಲ್ಲಿ ಬರುವ ಅದೇ ಹ್ಯೂಯೆನ್‌ತ್ಸಾಂಗನಿಗೆ ಲಾವೋತ್ಸುವನ್ನು ಸಂಸ್ಕೃತಕ್ಕೆ ಮಾಡಲು ಅಪ್ಪಣೆ ಕೊಟ್ಟ. ಕೇಳಿದ್ದು ಕಾಮರೂಪದ ಅರಸ, ಈಗಿನ ಅಸ್ಸಾಮಿನವ. ಆ ಸಂಸ್ಕೃತ ಪಾಠ ಉಳಿದಿಲ್ಲ.

ತಾಳಮದ್ದಳೆ ಕೇಳಿ ಬೆಳೆದವರಿಗೆ ಚುವಾಂಗ್‌ತ್ಸು ಬೇಗ ರುಚಿಸುತ್ತಾನೆ ಎಂಬುದು ನನ್ನ ಅನುಭವ. ಅವನಿಗೆ ಹುಯಿತ್ಸು ಎಂಬ ತರ್ಕಪಂಡಿತ ಗೆಳೆಯ. ಇಬ್ಬರೂ ಸೇತುವೆಯ ಮೇಲೆ ನಿಂತಿರುತ್ತಾರೆ. ಮೀನು ಎಷ್ಟು ಸುಖವಾಗಿದೆ ಎಂದು ಇವ. ನೀನು ಮೀನಲ್ಲ, ಹೇಗೆ ಗೊತ್ತು ಎಂದು ಅವ. ನೀನು ನಾನಲ್ಲ, ನನಗೆ ಗೊತ್ತಿಲ್ಲ ಎಂದು ನಿನಗೆ ಹೇಗೆ ಗೊತ್ತು ಎಂದು ಮತ್ತೆ ಇವ. ಒಳ್ಳೆಯ ಇಬ್ಬರು ಅರ್ಥಧಾರಿಗಳಿಗೆ ಕೊಟ್ಟರೆ ಬೆಳಗಿನವರೆಗೆ ಎಳೆದಾರು.

ಮನೆಯ ದೇವರು, ಭೂತ ಎಲ್ಲ ಬಿಟ್ಟಿರಾ ಹಾಗಾದರೆ?

ಇಲ್ಲ. ದೀಪ ಹಚ್ಚುತ್ತೇನೆ, ಮನೆಯ ದೈವಕ್ಕೆ ವರ್ಷಾವಧಿ ತಂಬಿಲ ತಪ್ಪಿಸಿಲ್ಲ. ತಾವೋ ಧರ್ಮದಲ್ಲೂ ಕಡಲಿಗೆ ದೇವಿ, ಒಲೆಗೆ ದೇವರು, ಊರಿಗೆ ಕಾವಲು ದೇವರು ಇದ್ದಾರೆ. ನಮ್ಮವರಿಗೆ ಅವರ ಗುಡಿಯಲ್ಲಿ ಏನೂ ಅಪರಿಚಿತ ಅನ್ನಿಸದು, ಊದುಬತ್ತಿಯ ಗಾತ್ರ ಒಂದು ಬಿಟ್ಟು.

ಕಂಪ್ಯೂಟರಿನ ಸೊನ್ನೆ-ಒಂದನ್ನು ಚೀನಾದವರೇ ಮೊದಲು ಕಂಡುಹಿಡಿದದ್ದಂತೆ, ಹೌದಾ?

ಹೌದು ಎಂದು ಹೇಳಿದರೆ ನಿಮಗೆ ಖುಷಿಯಾದೀತು, ಆದರೆ ಹಾಗಲ್ಲ. ಈಚಿಂಗ್ ಎಂಬ ಪ್ರಾಚೀನ ಗ್ರಂಥದಲ್ಲಿ ತುಂಡಾದ ಗೆರೆ, ತುಂಡಾಗದ ಗೆರೆ ಎಂದು ಎರಡೇ. ಆರು ಗೆರೆ ಒಂದರ ಮೇಲೊಂದು ಇಟ್ಟರೆ 64 ಆಕೃತಿ. ಜರ್ಮನಿಯ ಲೈಬ್ನಿಜ್ ಎರಡರ ಎಣಿಕೆಯನ್ನು ತಾನಾಗಿಯೇ ಮಾಡಿಕೊಂಡಿದ್ದ. ಚೀನಾದಲ್ಲಿದ್ದ ಪಾದ್ರಿ ಬುವೇ 1701ರಲ್ಲಿ ಈ 64ರ ಚಿತ್ರ ಕಳಿಸಿದ, ಲೈಬ್ನಿಜ್ ನೋಡಿ ಹಿರಿಹಿರಿ ಹಿಗ್ಗಿ 1703ರ ತನ್ನ ಲೇಖನದಲ್ಲಿ ಅದನ್ನೂ ಸೇರಿಸಿದ. ಇತ್ತ ಪಿಂಗಳನ ಛಂದಸ್ಸಿನ ಪ್ರಸ್ತಾರವೂ ಲಘು-ಗುರು ಎರಡರಲ್ಲೇ ನಡೆಯುತ್ತದೆ, ಆರು ಅಕ್ಷರದ ಪಾದಕ್ಕೆ ಅಲ್ಲೂ 64. ಇಬ್ಬರದ್ದೂ ಸೊಗಸಾದ ಎಣಿಕೆ. ಇಬ್ಬರ ಹತ್ತಿರವೂ ಕಂಪ್ಯೂಟರ್ ಇರಲಿಲ್ಲ. ಈಚಿಂಗ್ ಬರೀ ತಾವೋದವರದ್ದೂ ಅಲ್ಲ, ಕನ್‌ಫ್ಯೂಷಿಯಸನ ಕಡೆಯವರಿಗೂ ಅದು ಮೂಲಗ್ರಂಥ.

ಅರವತ್ತು ದಾಟಿದ ಮೇಲೆ ಶುರುಮಾಡಿದರೆ ಪ್ರಯೋಜನ ಉಂಟಾ?

ಲಾವೋತ್ಸು ಹುಟ್ಟುವಾಗಲೇ ಬಿಳಿಗೂದಲು ಇತ್ತು ಎಂದು ಅವರ ಪುರಾಣ. ಪುರಾಣ ಬಿಡಿ, ಚರಿತ್ರೆಯಲ್ಲೂ ತಡವಾಗಿ ಬಂದವರಿದ್ದಾರೆ. ತಾವೋ ಧರ್ಮದ ಚುವಾನ್‌ಚೆನ್ ಪಂಥ ಕಟ್ಟಿದ ವಾಂಗ್ ಚೊಂಗ್ಯಾಂಗ್ ಹುಟ್ಟಿದ್ದು 1113ರಲ್ಲಿ, ದಾರಿ ಬದಲಾಯಿಸಿದ್ದು 1159ರಲ್ಲಿ. ಆಮೇಲೆ ತಾನೇ ತೋಡಿದ ಗೋರಿಯಲ್ಲಿ ಕೆಲವು ವರ್ಷ ವಾಸ ಮಾಡಿದ. ಅವನ ಶಿಷ್ಯೆ ಸುನ್ ಪುಅರ್ (1119–1182) ಮೂರು ಮಕ್ಕಳ ತಾಯಿ. ಅವಳ ಗಂಡ ಮೊದಲೇ ಶಿಷ್ಯನಾಗಿದ್ದ. ಇವಳು ಮನೆ ಬಿಟ್ಟು ಹೊರಟದ್ದು 1169ರಲ್ಲಿ, ಐವತ್ತು ದಾಟಿದ ಮೇಲೆ. ಆ ಪಂಥದ ಏಳು ಸಿದ್ಧರಲ್ಲಿ ಹೆಂಗಸು ಅವಳೊಬ್ಬಳೇ. ಅಡುಗೆ ಮನೆಯಲ್ಲಿ ಬೇಕೆಂದೇ ಮುಖಕ್ಕೆ ಬಿಸಿ ಎಣ್ಣೆ ಸಿಡಿಸಿಕೊಂಡಳು, ಚಂದ ಹೋದರೆ ದಾರಿಯಲ್ಲಿ ಯಾರೂ ತೊಂದರೆ ಕೊಡಲಾರರು ಎಂದು, ಎಂಬ ಕತೆಯೂ ಉಂಟು. ಹೇಳುವ ಗಂಡಸರು ಅದನ್ನು ಭಕ್ತಿಯಿಂದ ಹೇಳುತ್ತಾರೆ. ಒಂಟಿ ಹೆಂಗಸಿಗೆ ದಾರಿ ಹೇಗಿತ್ತು ಎಂಬುದು ನನಗೆ ಅದರಲ್ಲಿ ಕಾಣುವುದು.

ನನ್ನ ಮಟ್ಟಿಗೆ ಹೇಳುವುದಾದರೆ, ಮೂವತ್ತರಲ್ಲಿ ಶುರುಮಾಡಿದ್ದರೆ ಬಲ ಹಾಕಿ ಮಾಡುತ್ತಿದ್ದೆ. ಈಗ ಬಲ ಹಾಕಿದರೆ ಸೊಂಟವೇ ಬೇಡ ಅನ್ನುತ್ತದೆ. ಒತ್ತಾಯ ಮಾಡಬಾರದು ಎಂಬ ಪಾಠದ ಅರ್ಧಭಾಗವನ್ನು ಪ್ರಾಯವೇ ಹೇಳಿಕೊಡುತ್ತದೆ, ಫೀಸಿಲ್ಲದೆ.

ಬೆಳಿಗ್ಗೆ ಮಾಡುವುದು ಎಂತ, ಸರಿಯಾಗಿ ಹೇಳಿ.

ಮೊದಲು ಸುಮ್ಮನೆ ನಿಲ್ಲುವುದು. ಪಾದಗಳು ಭುಜದಷ್ಟು ಅಂತರ, ಮಂಡಿ ಬಿಗಿಯದೆ ಸ್ವಲ್ಪ ಸಡಿಲ, ಕೈ ಎದೆಯ ಮುಂದೆ ದೊಡ್ಡ ಕುಂಬಳಕಾಯಿ ತಬ್ಬಿದಷ್ಟು ಅಗಲ. ಎರಡು ನಿಮಿಷಕ್ಕೆ ಭುಜ ತನ್ನಷ್ಟಕ್ಕೆ ಮೇಲೆ ಹೋಗಿರುತ್ತದೆ, ಇಳಿಸಿ. ಪುನಃ ಹೋಗುತ್ತದೆ, ಪುನಃ ಇಳಿಸಿ. ನೋಡುವವರಿಗೆ ಏನೂ ನಡೆಯುತ್ತಿಲ್ಲ.

ಆಮೇಲೆ ಬಾದ್ವಾನ್‌ಜಿನ್, ಎಂಟು ಚಲನೆ. ಬೆರಳು ಹೆಣೆದು ಆಕಾಶ ಎತ್ತುವುದು, ಬಿಲ್ಲು ಎಳೆದ ಹಾಗೆ ಎಡಕ್ಕೆ ಬಲಕ್ಕೆ ತಿರುಗುವುದು, ಒಂದು ಕೈ ಮೇಲೆ ಒಂದು ಕೈ ಕೆಳಗೆ ತಳ್ಳುವುದು, ಹೀಗೆ. ಕೊನೆಯದು ಹಿಮ್ಮಡಿ ಎತ್ತಿ ಏಳು ಸಲ ಕೆಳಗೆ ಬಿಡುವುದು. ಮೂಳೆ ಸವೆದವರು ಅದನ್ನು ಮೆಲ್ಲ ಇಳಿಸಿ, ಧಬಕ್ಕನೆ ಬೀಳಬೇಡಿ.

ಕೊನೆಗೆ ಜಗಲಿಯಲ್ಲಿ ಕೂರುವುದು. ಕೂತು ಮರೆಯುವುದು ಎಂಬ ಸಾಧನೆ ಚುವಾಂಗ್‌ತ್ಸುವಿನಲ್ಲೇ ಬರುತ್ತದೆ. ಮುಂದೆ ಚೀನಾದ ಥಾಂಗ್ ವಂಶದ ಕಾಲದಲ್ಲಿ ಸುಮಾ ಚೆಂಗ್‌ಚೆನ್ ಅದರ ಬಗ್ಗೆ ಒಂದು ಗ್ರಂಥವನ್ನೇ ಬರೆದ. ನನಗೆ ಕೂರುವುದು ಬಂದಿದೆ, ಮರೆಯುವುದು ಬೇಡದ ವಿಷಯದಲ್ಲಿ ಮಾತ್ರ ಆಗುತ್ತದೆ, ಕನ್ನಡಕ ಎಲ್ಲಿಟ್ಟೆ ಎಂಬಂಥದ್ದು.

ಜಾಗದ ಸಮಸ್ಯೆ ಉಂಟು. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿ ಜಾರುತ್ತದೆ, ಅಡಿಕೆ ಕೊಯ್ಲಾದ ಮೇಲೆ ಇಡೀ ಅಂಗಳ ಅಡಿಕೆಗೆ ಮೀಸಲು. ಎರಡೂ ಹೊತ್ತಿನಲ್ಲಿ ನಾನು ಜಗಲಿಗೆ.

ಮಂಡಿ ನೋವು, ಬಿಪಿ ಇದ್ದವರು ಮಾಡಬಹುದಾ?

ನಿಮ್ಮ ಡಾಕ್ಟರರನ್ನು ಕೇಳಿ, ಮಾತ್ರೆ ಬಿಡಬೇಡಿ. ಉಸಿರು ಹಿಡಿಯಬೇಡಿ, ಮಂಡಿ ಪಾದದ ಬೆರಳಿಗಿಂತ ಮುಂದೆ ಹೋಗುವಷ್ಟು ಬಗ್ಗಬೇಡಿ, ತಲೆ ತಿರುಗಿದರೆ ಕೂತುಬಿಡಿ. ಹತ್ತಿರದಲ್ಲಿ ಒಂದು ಕುರ್ಚಿ ಇರಲಿ. ತಾಯ್ ಚಿ ಮಾಡುವ ಹಿರಿಯರು ಜಾರಿ ಬೀಳುವುದು ಕಡಿಮೆ ಎಂದು ಸಂಶೋಧನೆಗಳು ತೋರಿಸಿವೆ. ನಮ್ಮ ಅಂಗಳದಂಥ ಅಂಗಳ ಇರುವವರಿಗೆ ಅದೇನು ಸಣ್ಣ ವಿಷಯ ಅಲ್ಲ.

ದೀರ್ಘಾಯುಷ್ಯದ ಗುಟ್ಟು, ಅಮೃತ ಅಂತ ಏನೋ ಉಂಟಂತಲ್ಲ?

ಇತ್ತು. ಪಾದರಸ, ಇಂಗಲೀಕ ಕುದಿಸಿ ಮಾಡಿದ ಗುಳಿಗೆ. ತಿಂದು ಸತ್ತವರಲ್ಲಿ ಥಾಂಗ್ ವಂಶದ ಚಕ್ರವರ್ತಿಗಳೇ ಹಲವರಿದ್ದಾರೆ. ಅದನ್ನು ನೋಡಿ ಬುದ್ಧಿ ಬಂದವರು ಮುಂದೆ ಪುಟ, ಕುಲುಮೆ ಎಲ್ಲ ದೇಹದ ಒಳಗಿನ ಸಾಧನೆಯ ಸಂಕೇತ ಎಂದು ಹೇಳತೊಡಗಿದರು. ಈಗಲೂ ಮೊಬೈಲಿನಲ್ಲಿ ಆ ಎಣ್ಣೆ, ಈ ಕಷಾಯ, ಚೀ ಶಕ್ತಿಯ ಬಳೆ ಎಂದು ಮಾರುವವರಿದ್ದಾರೆ. ಒಂದು ಪೈಸೆ ಕೊಡಬೇಡಿ. ಮೂರು ದಿನಕ್ಕೆ ಸಿದ್ಧಿ ಕೊಡುವ ಆನ್‌ಲೈನ್ ಕ್ಲಾಸಿಗೂ.

ಈರುಳ್ಳಿ ಬೆಳ್ಳುಳ್ಳಿ ತಿನ್ನಬಹುದಾ?

ಚುವಾನ್‌ಚೆನ್ ಪಂಥದ ಸಂನ್ಯಾಸಿಗಳು ತಿನ್ನುವುದಿಲ್ಲ, ನಮ್ಮ ಅತ್ತೆಯೂ ತಿನ್ನುತ್ತಿರಲಿಲ್ಲ. ನಾನು ತಿನ್ನುತ್ತೇನೆ.

ನಾವು ಬಂದರೆ ಹೇಳಿಕೊಡುತ್ತೀರಾ?

ನಾನು ಗುರು ಅಲ್ಲ. ಜೊತೆಗೆ ನಿಂತು ಮಾಡುವುದಾದರೆ ಬನ್ನಿ, ಬೆಳಿಗ್ಗೆ ಆರಕ್ಕೆ. ಸೀರೆಯೂ ಆಗುತ್ತದೆ, ಚೂಡಿದಾರವೂ ಆಗುತ್ತದೆ, ಹೊಟ್ಟೆ ಬಿಗಿಯುವ ಪ್ಯಾಂಟ್ ಮಾತ್ರ ಬೇಡ. ಮೊಬೈಲ್ ತರಬಹುದು, ನಿಂತಿರುವಾಗ ವೀಡಿಯೋ ಬೇಡ. ಅಡಿಕೆ ಸುಲಿಯುವವರು ಬರುವ ದಿನ ಆಗುವುದಿಲ್ಲ, ಅಂದು ಹದಿನೈದು ಜನರ ತಿಂಡಿ ನನ್ನ ಕೈಯಲ್ಲೇ ಆಗಬೇಕು. ಮತ್ತೆ, ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ ಯಾರ ಅಟ್ಟದಲ್ಲಾದರೂ ಇದ್ದರೆ ಬರುವಾಗ ತನ್ನಿ, ಬಾಡಿಗೆ ಕೊಡುತ್ತೇನೆ.